ಟವರ್ ಬಿದ್ದ ಮೇಲೆ ಕಲಿಯುವ ವಿದ್ಯೆಯಲ್ಲ ಹ್ಯಾಮ್

2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ಬಳಿ ಸಮುದ್ರದಡಿ ಭೂಮಿ ಕಂಪಿಸಿತು. ಸುನಾಮಿ ಎದ್ದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿತು. ಆ ಹೊತ್ತಿನಲ್ಲಿ ಪೋರ್ಟ್ ಬ್ಲೇರ್‌ನ ಹೋಟೆಲೊಂದರಲ್ಲಿ ಒಂದು ರೇಡಿಯೊ ಕೇಂದ್ರ ಇತ್ತು. ಅದು ಸರ್ಕಾರದ್ದಲ್ಲ, ಸೇನೆಯದ್ದಲ್ಲ, ಆಕಾಶವಾಣಿಯದ್ದೂ ಅಲ್ಲ. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊ ಸಂಸ್ಥೆಯ ಪರವಾಗಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡ ಹಾಕಿಕೊಂಡಿದ್ದ ಹವ್ಯಾಸಿ ಕೇಂದ್ರ. ಅಂಡಮಾನಿನಿಂದ ಹವ್ಯಾಸಿ ರೇಡಿಯೊದ ದನಿ ಕೇಳಿ ಬಹಳ ವರ್ಷಗಳಾಗಿದ್ದವು. ಹಾಗಾಗಿ ಜಗತ್ತಿನಾದ್ಯಂತ ಇರುವ ಹವ್ಯಾಸಿಗಳು ಆ ದ್ವೀಪದ ಜೊತೆ ಒಂದು ಮಾತಾಡಿದರೆ ಸಾಕು ಎಂದು ಸರದಿಯಲ್ಲಿ ಕಾಯುತ್ತಿದ್ದರು. ತಂಡ ಬಂದಿದ್ದು ಅದಕ್ಕಾಗಿಯೇ.

ಅಲೆ ಬಂದು ಹೋದ ಮೇಲೆ ದ್ವೀಪಗಳ ಸಂಪರ್ಕ ವ್ಯವಸ್ಥೆ ಅಸ್ತವ್ಯಸ್ತವಾಯಿತು. ಹವ್ಯಾಸದ ಕೇಂದ್ರ ಅದೇ ದಿನ ತುರ್ತು ಕೇಂದ್ರವಾಯಿತು. ತಂಡದವರು ಕಾರ್ ನಿಕೋಬಾರ್‌ಗೂ ಸೆಟ್ ಒಯ್ದರು. ದ್ವೀಪದಲ್ಲಿ ಸಿಕ್ಕಿಕೊಂಡವರ ಕ್ಷೇಮ ಸಮಾಚಾರ ಮುಖ್ಯಭೂಮಿಯಲ್ಲಿ ಕಾಯುತ್ತಿದ್ದ ಬಂಧುಗಳಿಗೆ ಹೀಗೆ ತಲುಪಿತು.

ಈ ಘಟನೆಯನ್ನು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಆ ತಂಡ ಯಾರನ್ನೂ ರಕ್ಷಿಸಲೆಂದು ಹೋಗಿರಲಿಲ್ಲ. ಆದರೆ ಆಂಟೆನಾ ಅದಾಗಲೇ ಮೇಲೆ ಇತ್ತು, ಸೆಟ್ ಕೆಲಸ ಮಾಡುತ್ತಿತ್ತು, ಅದರ ಮುಂದೆ ಕೂತವರು ವಾರಗಳಿಂದ ದಿನವೂ ಮಾತಾಡಿ ಪಳಗಿದ್ದರು. ವಿಪತ್ತಿನಲ್ಲಿ ಕೆಲಸಕ್ಕೆ ಬರುವುದು ಬೀರುವಿನಲ್ಲಿ ಬೀಗ ಹಾಕಿಟ್ಟ ಹೊಸ ಸೆಟ್ ಅಲ್ಲ. ಹಿಂದಿನ ಭಾನುವಾರವೂ ಯಾರೋ ಬಳಸಿದ್ದ ಸೆಟ್. ಆದ್ದರಿಂದಲೇ ಹ್ಯಾಮ್ ರೇಡಿಯೊವನ್ನು ಮಳೆ ಸುರಿದ ಮೇಲೆ ನೆನಪಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅದನ್ನು ಬಿಸಿಲಿನ ದಿನಗಳಲ್ಲೇ, ನಮ್ಮಂಥ ವಿದ್ಯಾರ್ಥಿಗಳು, ನಮ್ಮ ಕಾಲೇಜುಗಳಲ್ಲೇ ಕಲಿಯಬೇಕು. ಜಿಲ್ಲಾಡಳಿತ ಆಗಲೇ ನಮ್ಮನ್ನು ಗುರುತಿಸಿಟ್ಟುಕೊಳ್ಳಬೇಕು. ನನ್ನ ವಾದ ಇಷ್ಟೇ.

ಮೊದಲಿಗೆ ಮೊಬೈಲ್ ಯಾಕೆ ಕೈಕೊಡುತ್ತದೆ ಎಂಬುದನ್ನು ನೋಡೋಣ. ಪಕ್ಕದ ಬೆಂಚಿನ ಗೆಳೆಯನಿಗೆ ನಾವು ಕರೆ ಮಾಡಿದರೂ ನಮ್ಮ ಫೋನ್ ಅವನ ಫೋನಿನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅದು ಟವರ್ ಜೊತೆ ಮಾತಾಡುತ್ತದೆ. ಟವರ್‌ನಿಂದ ದನಿ ಫೈಬರ್ ಅಥವಾ ಮೈಕ್ರೋವೇವ್ ಮೂಲಕ ಎಲ್ಲೋ ದೂರದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಮತ್ತೆ ಅವನ ಫೋನಿಗೆ ಬರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತುಂಡಾದರೂ ಸಾಕು. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರ್ ಮಲಗುತ್ತದೆ. ಜನರೇಟರ್ ಇದ್ದರೂ ರಸ್ತೆ ಕುಸಿದರೆ ಡೀಸೆಲ್ ಬರುವುದಿಲ್ಲ. ರಸ್ತೆ ಪಕ್ಕದಲ್ಲೇ ಹೂತ ಫೈಬರ್ ರಸ್ತೆಯ ಜೊತೆಗೇ ಕೊಚ್ಚಿಹೋಗುತ್ತದೆ. ಇದ್ಯಾವುದೂ ಆಗದಿದ್ದರೂ, ಊರಿನವರೆಲ್ಲ ಒಟ್ಟಿಗೆ ಕರೆ ಮಾಡಲು ಹೊರಟರೆ ದಟ್ಟಣೆಯಿಂದಲೇ ಲೈನ್ ಸಿಗುವುದಿಲ್ಲ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಸಿಗ್ನಲ್ ಕೂಡ ಹೋಗುವುದು ಅಲ್ಲಿ ಪ್ರತಿ ಮಳೆಗಾಲದ ಮಾತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲದಂಥ ಕಡೆ ರಸ್ತೆ ಮತ್ತು ವಿದ್ಯುತ್ ಎರಡೂ ಕಡಿದುಹೋಗಿದ್ದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿಯ ಮೇಲೇ ಬಂದು ಬಿತ್ತು. ಪಶ್ಚಿಮ ಘಟ್ಟದಲ್ಲಿ ಇಂಥದ್ದು ಮತ್ತೆ ಆಗುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಹ್ಯಾಮ್ ರೇಡಿಯೊದಲ್ಲಿ ಈ ಸರಪಳಿಯೇ ಇಲ್ಲ. ಈ ತುದಿಗೊಂದು ಸೆಟ್, ಆ ತುದಿಗೊಂದು ಸೆಟ್, ಎರಡಕ್ಕೂ ಆಂಟೆನಾ, 12 ವೋಲ್ಟ್‌ನ ಬ್ಯಾಟರಿ. ಕಾರಿನ ಬ್ಯಾಟರಿಯಾದರೂ ನಡೆಯುತ್ತದೆ, ಸೋಲಾರ್ ಪ್ಯಾನೆಲ್ ಇದ್ದರೆ ಇನ್ನೂ ಒಳ್ಳೆಯದು. ಹತ್ತಿರದ ಮಾತಿಗೆ 144ರಿಂದ 146 ಮೆಗಾಹರ್ಟ್ಸ್‌ನ ವಿಎಚ್‌ಎಫ್ ಬ್ಯಾಂಡ್ ಇದೆ. ಈ ಅಲೆಗಳು ಹೆಚ್ಚೂಕಮ್ಮಿ ನೇರವಾಗಿ ಸಾಗುವುದರಿಂದ ಗುಡ್ಡ ಅಡ್ಡ ಬಂದರೆ ದನಿ ನಿಲ್ಲುತ್ತದೆ. ಅದಕ್ಕೇ ಎತ್ತರದ ಜಾಗದಲ್ಲಿ ರಿಪೀಟರ್ ಇಡುತ್ತಾರೆ. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್‌ನ ದನಿಯನ್ನು ಅದು ಹಿಡಿದು, ಜೋರು ಮಾಡಿ, ಮತ್ತೆ ಬಿಡುತ್ತದೆ.

ದೂರಕ್ಕೆ ಎಚ್‌ಎಫ್ ಬೇಕು. ಇಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಖುಷಿ ಕೊಡುವ ಒಂದು ಸಂಗತಿ ಇದೆ. 7 ಮೆಗಾಹರ್ಟ್ಸ್‌ಗೆ ಬೇಕಾದ ಅರ್ಧ ತರಂಗದ ಡೈಪೋಲ್ ಎಂದರೆ ಸುಮಾರು 20 ಮೀಟರ್ ತಂತಿ, ನಡುವೆ ಫೀಡರ್, ಅಷ್ಟೇ. ಅದನ್ನು ಎತ್ತರಕ್ಕೆ ಕಟ್ಟದೆ ಎರಡು ಮರಗಳ ನಡುವೆ ತಗ್ಗಿನಲ್ಲೇ ಕಟ್ಟಿದರೆ ಅಲೆಗಳಲ್ಲಿ ಹೆಚ್ಚಿನವು ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಹಗಲಿನ ಹೊತ್ತು ಅಯಾನುಗೋಳ ಅವನ್ನು ಹಿಂದಕ್ಕೆ ಕಳಿಸುತ್ತದೆ. ಕಾರಂಜಿಯ ನೀರು ಮೇಲೆ ಹೋಗಿ ಸುತ್ತಲೂ ಬೀಳುವಂತೆ ಕೆಲವು ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಅವು ಇಳಿಯುತ್ತವೆ. ಗುಡ್ಡವನ್ನು ದಾಟಬೇಕಾದ ಪ್ರಶ್ನೆಯೇ ಇಲ್ಲ, ಅಲೆ ಬರುವುದು ಆಕಾಶದಿಂದ. ಕಣಿವೆಯೊಳಗಿನ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಮಾತಾಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಆಂಟೆನಾ ಪಾಠದಲ್ಲಿ ನಾವು ಡೈಪೋಲಿನ ವಿಕಿರಣ ಚಿತ್ರ ಬರೆದು ಅಂಕ ತೆಗೆದುಕೊಳ್ಳುತ್ತೇವೆ. ಆ ಚಿತ್ರ ಒಂದು ಹಳ್ಳಿಯ ಜೀವ ಉಳಿಸಬಲ್ಲದು ಎಂದು ಪುಸ್ತಕದಲ್ಲಿ ಬರೆದಿರುವುದಿಲ್ಲ.

ನಮ್ಮ ಗಡಿಯಾಚೆಯೇ ಇರುವ ವಯನಾಡಿನಲ್ಲಿ ಇದರ ಉಪಯೋಗ ಕಂಡಿದ್ದೇವೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಭಾಗದಲ್ಲಿ ಭೂಕುಸಿತವಾದಾಗ ಸ್ಥಳೀಯ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ತೆರೆದರು. ದುರಂತದ ಜಾಗದಿಂದ ಬಂದ ಮಾಹಿತಿಯನ್ನು ಆಡಳಿತಕ್ಕೆ ದಾಟಿಸಿದರು. ಇಲ್ಲಿ ಗಮನಿಸಬೇಕಾದ್ದು ‘ಸ್ಥಳೀಯ’ ಎಂಬ ಮಾತು. ಅವರಿಗೆ ಆ ಗುಡ್ಡ ಗೊತ್ತು, ದಾರಿ ಗೊತ್ತು, ಎಲ್ಲಿ ನಿಂತರೆ ಸಿಗ್ನಲ್ ಹೋಗುತ್ತದೆ ಎಂಬುದು ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಪರಸ್ಪರ ಮಾತಾಡಿ ರೂಢಿಯಿದ್ದವರು.

ರೂಢಿ ಎಂದು ಯಾಕೆ ಪದೇ ಪದೇ ಹೇಳುತ್ತಿದ್ದೇನೆ ಎಂದರೆ, ರೇಡಿಯೊದಲ್ಲಿ ಮಾತಾಡುವುದು ಫೋನಿನಲ್ಲಿ ಮಾತಾಡಿದಂತಲ್ಲ. ಒಬ್ಬರು ಬಟನ್ ಒತ್ತಿದರೆ ಉಳಿದವರೆಲ್ಲ ಕೇಳಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದ್ದೂ ಕೇಳಿಸುವುದಿಲ್ಲ. ಹತ್ತಾರು ಕೇಂದ್ರಗಳಿದ್ದಾಗ ಯಾರು ಮೊದಲು ಮಾತಾಡಬೇಕು, ಯಾರು ಕಾಯಬೇಕು ಎಂದು ಹೇಳಲು ಒಬ್ಬರು ನಿಯಂತ್ರಕರಿರುತ್ತಾರೆ. ಸಂದೇಶ ಚಿಕ್ಕದಾಗಿರಬೇಕು: ಯಾವ ಜಾಗ, ಎಷ್ಟು ಜನ, ಏನು ಬೇಕು, ಎಷ್ಟು ಹೊತ್ತಿಗೆ ಹೇಳಿದ್ದು. ಕೇಳಿದವರು ಅದನ್ನು ಬರೆದುಕೊಂಡು ತಿರುಗಿ ಓದಿ ಹೇಳಬೇಕು.

ಕನ್ನಡದಲ್ಲಂತೂ ಇನ್ನೊಂದು ತೊಡಕಿದೆ. ಕರಕರ ಸದ್ದಿನ ನಡುವೆ ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಒಂದೇ ಥರ ಕೇಳಿಸುತ್ತವೆ. ಇಪ್ಪತ್ತು ಜನರಿಗೆ ಊಟ ಬೇಕೋ ಎಪ್ಪತ್ತು ಜನರಿಗೋ ಎಂಬುದು ಸಣ್ಣ ವ್ಯತ್ಯಾಸವಲ್ಲ. ಅದಕ್ಕೇ ‘ಎರಡು, ಸೊನ್ನೆ’ ಎಂದು ಬಿಡಿಸಿ ಹೇಳಬೇಕು. ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ? ನಮ್ಮ ರಾಜ್ಯದಲ್ಲಿ ಅವು ಎಷ್ಟಿವೆಯೋ. ಹೋಬಳಿ, ತಾಲ್ಲೂಕು ಸೇರಿಸಿ ಹೇಳಬೇಕು. ಇಂಥ ಅಭ್ಯಾಸ ಪುಸ್ತಕ ಓದಿದರೆ ಬರುವುದಿಲ್ಲ. ಅಪರಿಚಿತರ ಜೊತೆ, ಕೆಟ್ಟ ಸಿಗ್ನಲ್‌ನಲ್ಲಿ, ಮತ್ತೆ ಮತ್ತೆ ಮಾತಾಡಿದರೆ ಮಾತ್ರ ಬರುತ್ತದೆ. ಹವ್ಯಾಸಿಗಳು ಖುಷಿಗಾಗಿ ಮಾಡುವುದೇ ಅದನ್ನು.

ಈಗ ಉಪಗ್ರಹ ಫೋನ್ ಇದೆ, ಉಪಗ್ರಹ ಇಂಟರ್ನೆಟ್ ಬರುತ್ತಿದೆ, ಇನ್ನೂ ಈ ಹಳೆಯ ಡಬ್ಬ ಯಾಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಉಪಗ್ರಹ ಫೋನ್ ಇರುವ ಕಡೆ ಅದನ್ನೇ ಬಳಸಬೇಕು. ಆದರೆ ಅದು ಎಷ್ಟು ಕಡೆ ಇರುತ್ತದೆ? ರಕ್ಷಣಾ ಪಡೆಯವರ ಕೈಯಲ್ಲಿ, ದೊಡ್ಡ ಅಧಿಕಾರಿಗಳ ಬಳಿ. ಗುಡ್ಡದಾಚೆಯ ಶಾಲೆಯಲ್ಲಿ ಆಶ್ರಯ ಪಡೆದವರ ಬಳಿ ಇರುವುದಿಲ್ಲ. ಜೊತೆಗೆ ಅದು ಒಬ್ಬರಿಂದ ಒಬ್ಬರಿಗೆ ಮಾತ್ರ. ರೇಡಿಯೊದಲ್ಲಿ ಒಬ್ಬರು ಹೇಳಿದ್ದನ್ನು ಹತ್ತು ಕೇಂದ್ರಗಳು ಒಟ್ಟಿಗೆ ಕೇಳುತ್ತವೆ. ಯಾವ ಸೇತುವೆ ಬಿದ್ದಿದೆ ಎಂದು ಹತ್ತು ಸಲ ಹೇಳಬೇಕಿಲ್ಲ.

ಇನ್ನೊಂದು ಉದಾಹರಣೆ ನೋಡಿ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊರಿಕೊ ದ್ವೀಪಕ್ಕೆ ಬಡಿದಾಗ ಅಲ್ಲಿನ ಶೇ 95ಕ್ಕೂ ಹೆಚ್ಚು ಮೊಬೈಲ್ ಟವರ್‌ಗಳು ಕೆಲಸ ನಿಲ್ಲಿಸಿದ್ದವು. ರೆಡ್‌ಕ್ರಾಸ್ ಸಂಸ್ಥೆ 50 ಮಂದಿ ಹ್ಯಾಮ್‌ಗಳನ್ನು ಕಳಿಸಿಕೊಡಿ ಎಂದು ಅಮೆರಿಕದ ಹವ್ಯಾಸಿ ರೇಡಿಯೊ ಸಂಘಕ್ಕೆ ಕೇಳಿಕೊಂಡಿತು. ಕಡೆಗೆ 22 ಮಂದಿ ಸ್ವಯಂಸೇವಕರು ಸೆಟ್‌ಗಳ ಸಮೇತ ಅಲ್ಲಿಗೆ ಹೋದರು. ಅಷ್ಟು ಸಿರಿವಂತ ದೇಶ, ಉಪಗ್ರಹ ಫೋನ್ ಇದ್ದ ಕಾಲ. ಆದರೂ ಬೇಕಾಗಿದ್ದು ಕಿವಿಗೊಟ್ಟು ಕೇಳಿ ಸರಿಯಾಗಿ ಬರೆದುಕೊಳ್ಳಬಲ್ಲ ಮನುಷ್ಯರು. ಅಂಥವರನ್ನು ಕರೆದ ಕೂಡಲೇ ಹುಡುಕಲು ಸಾಧ್ಯವಾಗಿದ್ದು, ಅಲ್ಲಿ ಪರವಾನಗಿ ಇರುವ ಹ್ಯಾಮ್‌ಗಳು 7 ಲಕ್ಷಕ್ಕೂ ಹೆಚ್ಚು ಇರುವುದರಿಂದ.

ಹಾಗೆಂದು ಹ್ಯಾಮ್ ರೇಡಿಯೊ ಎಲ್ಲಕ್ಕೂ ಮದ್ದು ಎಂದು ನಾನು ಹೇಳುವುದಿಲ್ಲ. ಅದರಲ್ಲಿ ವಿಡಿಯೊ ಕಾಲ್ ಆಗುವುದಿಲ್ಲ. ಸಾವಿರ ಜನ ಒಟ್ಟಿಗೆ ಮನೆಗೆ ಮಾತಾಡಲಾಗುವುದಿಲ್ಲ. ಯಾರು ಬೇಕಾದರೂ ಕೇಳಿಸಿಕೊಳ್ಳಬಹುದಾದ್ದರಿಂದ ಗುಟ್ಟಿನ ಮಾತಿಗೆ ಅದು ತಕ್ಕದ್ದಲ್ಲ. ಹ್ಯಾಮ್ ಯಾರನ್ನೂ ನೀರಿನಿಂದ ಎತ್ತುವುದಿಲ್ಲ, ಎತ್ತುವವರಿಗೆ ಜಾಗ ತೋರಿಸುತ್ತಾನೆ, ಅಷ್ಟೇ. ಕರೆಯದೆಯೇ ಸೆಟ್ ಹಿಡಿದು ದುರಂತದ ಜಾಗಕ್ಕೆ ನುಗ್ಗುವವರು ಉಪಕಾರಕ್ಕಿಂತ ಉಪದ್ರವವನ್ನೇ ಹೆಚ್ಚು ಮಾಡುತ್ತಾರೆ. ಆಡಳಿತದ ಜೊತೆ ಮೊದಲೇ ಮಾತಾಗಿರಬೇಕು ಎಂದು ನಾನು ಒತ್ತಾಯಿಸುವುದು ಇದೇ ಕಾರಣಕ್ಕೆ.

ಹಾಗಿದ್ದರೆ ನಮ್ಮ ವಯಸ್ಸಿನವರು ಯಾಕೆ ಬರುತ್ತಿಲ್ಲ? ಕಾರಣ ಸರಳ. ದೂರದ ದೇಶದವರ ಜೊತೆ ಮಾತಾಡುವುದು ಒಂದು ಕಾಲಕ್ಕೆ ರೋಮಾಂಚನ ಆಗಿತ್ತು. ಈಗ ಗೇಮ್ ಆಡುತ್ತಾ ಬ್ರೆಜಿಲ್‌ನವನ ಜೊತೆ ಜಗಳವಾಡುತ್ತೇವೆ. ಇನ್ನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್ ಓದುವ ನಾವು ಮಾಡ್ಯುಲೇಷನ್, ಆಂಟೆನಾ, ಅಲೆಗಳ ಪ್ರಸರಣ ಎಲ್ಲವನ್ನೂ ಓದುತ್ತೇವೆ. ಲ್ಯಾಬ್‌ನಲ್ಲಿ ಸಿಗ್ನಲ್ ಜನರೇಟರ್‌ನಿಂದ ಹೊರಟ ಅಲೆ ಒಂದೂವರೆ ಅಡಿ ದೂರದ ಆಸಿಲೋಸ್ಕೋಪ್ ತಲುಪಿದರೆ ಪ್ರಯೋಗ ಮುಗಿಯಿತು. ನಾವೇ ಕಟ್ಟಿದ ತಂತಿಯಿಂದ ಹೊರಟ ದನಿಗೆ ಮುನ್ನೂರು ಕಿಲೋಮೀಟರ್ ಆಚೆಯಿಂದ ಉತ್ತರ ಬಂದ ಅನುಭವ ಇಲ್ಲದೆಯೇ ‘ಕಮ್ಯುನಿಕೇಷನ್ ಎಂಜಿನಿಯರ್’ ಎಂಬ ಪದವಿ ಸಿಗುತ್ತದೆ.

ಆದರೆ ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಬೆಂಗಳೂರಿನಲ್ಲಿ ದಶಕಗಳಿಂದ ಹವ್ಯಾಸಿ ರೇಡಿಯೊ ಕ್ಲಬ್‌ಗಳಿವೆ. 2005ರ ಮೇ 5ರಂದು ಪಿಎಸ್‌ಎಲ್‌ವಿ ಸಿ-6 ರಾಕೆಟ್ಟಿನಲ್ಲಿ ಇಸ್ರೊ ಹಾರಿಸಿದ ಹ್ಯಾಮ್‌ಸ್ಯಾಟ್ ಹವ್ಯಾಸಿಗಳಿಗೆಂದೇ ಮಾಡಿದ 42.5 ಕಿಲೊ ತೂಕದ ಪುಟ್ಟ ಉಪಗ್ರಹ. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತದ ಹ್ಯಾಮ್‌ಗಳದ್ದು, ಇನ್ನೊಂದನ್ನು ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ. ವಿದ್ಯಾರ್ಥಿ ಮಾಡಿದ ಸರ್ಕ್ಯೂಟ್ ಇಸ್ರೊ ರಾಕೆಟ್ ಏರಿ 2014ರವರೆಗೂ ಭೂಮಿ ಸುತ್ತಿ ಕೆಲಸ ಮಾಡಿತು. ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ ಅವರು ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಕಟ್ಟಬಹುದಾದ ‘ಬಿಟ್‌ಎಕ್ಸ್’ ಎಂಬ ಎಚ್‌ಎಫ್ ಸೆಟ್ ವಿನ್ಯಾಸ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಹೊರದೇಶದ ಹವ್ಯಾಸಿಗಳೂ ಅದನ್ನು ಕೂತು ಬೆಸೆಯುತ್ತಾರೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಶಾಲಾ ಮಕ್ಕಳ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೊದಲ್ಲೇ.

ಹ್ಯಾಮ್ ಆಗಲು ಡಿಗ್ರಿ ಬೇಕಿಲ್ಲ. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಇದನ್ನು ನೋಡಿಕೊಳ್ಳುತ್ತದೆ. ಎರಡು ದರ್ಜೆಗಳಿವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವಗಳು ಮತ್ತು ನಿಯಮಗಳ ಪರೀಕ್ಷೆ ಸಾಕು. ಜನರಲ್ ದರ್ಜೆಗೆ ಮೋರ್ಸ್ ಸಂಕೇತವೂ ಬರಬೇಕು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಮೊದಲನೆಯದು ಕಷ್ಟವೇನಲ್ಲ. ಪಾಸಾಗಿ ಪರವಾನಗಿ ಪಡೆದವರಿಗೆ ‘ವಿಯು’ ಎಂದು ಶುರುವಾಗುವ ಕಾಲ್‌ಸೈನ್ ಸಿಗುತ್ತದೆ. ಜಗತ್ತಿನಲ್ಲಿ ಅದು ಇನ್ನೊಬ್ಬರಿಗಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ವಾಕಿಟಾಕಿ ತರಿಸಿ ಪರವಾನಗಿ ಇಲ್ಲದೆ ಬಟನ್ ಒತ್ತುವುದು ಅಪರಾಧ. ಅದು ಪೊಲೀಸರ ಅಥವಾ ವಿಮಾನದವರ ಫ್ರೀಕ್ವೆನ್ಸಿಗೆ ಅಡ್ಡಿಯಾದರೆ ಆಗುವ ಅನಾಹುತಕ್ಕೆ ನಾವೇ ಹೊಣೆ. ಕೇಳುವುದರಿಂದ ಶುರು ಮಾಡಿ, ಪರೀಕ್ಷೆ ಬರೆದ ಮೇಲೆ ಮಾತಾಡಿ.

ವಿದ್ಯಾರ್ಥಿಗಳ ಉತ್ಸಾಹವೊಂದೇ ಸಾಲದು. ಮೂರು ಕೆಲಸ ಆಗಬೇಕು. ಮೊದಲನೆಯದು, ಪ್ರತಿ ಜಿಲ್ಲೆಯ ಒಂದಾದರೂ ಎಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಕಾಲೇಜಿನಲ್ಲಿ ಪರವಾನಗಿ ಪಡೆದ ಕ್ಲಬ್ ಕೇಂದ್ರ ಇರಬೇಕು. ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ, ಕೃಷ್ಣೆಯ ಪ್ರವಾಹ ಕಾಣುವ ಬೆಳಗಾವಿ, ಬಾಗಲಕೋಟೆಯಿಂದ ಶುರುವಾಗಲಿ. ಒಂದು ಕೋಣೆ, ಒಂದು ಸೆಟ್, ಚಾವಣಿಯ ಮೇಲೊಂದು ಆಂಟೆನಾ, ಬ್ಯಾಟರಿ ಸಾಕು. ಸೀನಿಯರ್‌ಗಳು ಹೊರಟುಹೋದರೂ ಜೂನಿಯರ್‌ಗಳು ಮುಂದುವರಿಸುತ್ತಾರೆ ಎಂಬುದೇ ಕಾಲೇಜಿನ ಅನುಕೂಲ.

ಎರಡನೆಯದು, 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಆ ಪ್ರಾಧಿಕಾರದ ಬಳಿ ಜಿಲ್ಲೆಯ ಹ್ಯಾಮ್‌ಗಳ ಪಟ್ಟಿ ಇರಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಒಂದು ದಿನ ‘ಮೊಬೈಲ್ ಇಲ್ಲ’ ಎಂದುಕೊಂಡು ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರಕ್ಕೆ ಸಂದೇಶ ಕಳಿಸುವ ಅಣಕು ಕಾರ್ಯಾಚರಣೆ ನಡೆಯಬೇಕು. ಎಲ್ಲಿ ದನಿ ಹೋಗುವುದಿಲ್ಲ ಎಂಬುದು ಆ ದಿನವೇ ಗೊತ್ತಾಗಲಿ, ಗುಡ್ಡ ಕುಸಿದ ದಿನವಲ್ಲ.

ಮೂರನೆಯದು, ಪರೀಕ್ಷೆ ಮತ್ತು ಪರವಾನಗಿ ಬೇಗ ಆಗಬೇಕು. ಅರ್ಜಿ ಹಾಕಿದ ಹುಡುಗ ಕೈಗೆ ಕಾಲ್‌ಸೈನ್ ಬರುವ ಹೊತ್ತಿಗೆ ಕಾಲೇಜು ಬಿಟ್ಟಿದ್ದರೆ ಪ್ರಯೋಜನವೇನು? ಕಾಲೇಜಿನಲ್ಲೇ ವರ್ಷಕ್ಕೆರಡು ಸಲ ಪರೀಕ್ಷೆ ನಡೆದರೆ ದೊಡ್ಡ ಬದಲಾವಣೆ ಆಗುತ್ತದೆ. ವಿಟಿಯು ವ್ಯಾಪ್ತಿಯಲ್ಲಿ ಓದುವ ನಾವು ಪದವಿ ಮುಗಿಸುವಷ್ಟರಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಹಲವರು ಅದನ್ನು ಕೊನೆಯ ಗಳಿಗೆಯಲ್ಲಿ ಫೋಟೊ, ರಿಪೋರ್ಟ್ ಜೋಡಿಸಿ ಮುಗಿಸುತ್ತಾರೆ. ಹ್ಯಾಮ್ ಪರವಾನಗಿ ಪಡೆದು ಜಿಲ್ಲಾ ಅಣಕು ಕಾರ್ಯಾಚರಣೆಯಲ್ಲಿ ಭಾಗವಹಿಸಿದವರಿಗೆ ಆ ಪಾಯಿಂಟ್ ಕೊಟ್ಟರೆ ಸಮಾಜಕ್ಕೆ ನಿಜವಾಗಿಯೂ ಏನಾದರೂ ಸಿಗುತ್ತದೆ.

ಇದರಿಂದ ಕೆಲಸ ಸಿಗುತ್ತದಾ ಎಂದು ಗೆಳೆಯರು ಕೇಳುತ್ತಾರೆ. ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಕಾಲ್‌ಸೈನ್ ನೋಡಿ ಆಫರ್ ಕೊಡುವುದಿಲ್ಲ. ಆದರೆ ಒಂದು ಆಂಟೆನಾವನ್ನು ಸ್ವಂತ ಕೈಯಿಂದ ಕಟ್ಟಿ, ಅದು ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಮಧ್ಯಾಹ್ನವೆಲ್ಲ ತಲೆಕೆಡಿಸಿಕೊಂಡು, ಕೊನೆಗೆ ಸರಿಮಾಡಿದವನಿಗೆ ಸಂದರ್ಶನದಲ್ಲಿ ಹೇಳಲು ಸ್ವಂತದ್ದೊಂದು ಮಾತಿರುತ್ತದೆ. ಕೆಲಸ ಹುಡುಕುತ್ತಾ ಊರಲ್ಲೇ ಇರುವವರಿಗೆ ಇನ್ನೊಂದು ಮಾತು: ನಗರ ಸೇರಿದ ನಮಗಿಂತ ನಿಮ್ಮ ಅಗತ್ಯ ಹೆಚ್ಚು. ದುರಂತ ಆಗುವ ಜಾಗದಲ್ಲಿ ಇರುವವರು ನೀವೇ.

ಮುಂದಿನ ಮುಂಗಾರಿಗೆ ಇನ್ನೂ ಸಮಯ ಇದೆ. ನಿಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಹೋಗಿ, ಇಲ್ಲಿ ಪರವಾನಗಿ ಇರುವವರು ಯಾರಾದರೂ ಇದ್ದಾರಾ ಎಂದು ಕೇಳಿ. ಇದ್ದರೆ ಅವರ ಬಳಿ ಕಲಿಯಿರಿ. ಇಲ್ಲದಿದ್ದರೆ ನಾಲ್ಕು ಗೆಳೆಯರು ಸೇರಿ ನೀವೇ ಅರ್ಜಿ ಹಾಕಿ.